ಮಳೆಗಾಲದಲ್ಲಿ ಕೋಟೆ ಹತ್ತುವ ಮುನ್ನ: ಫಾರ್ವರ್ಡ್ ಮೆಸೇಜುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಜೂನ್ ಬಂತೆಂದರೆ ನಮ್ಮೆಲ್ಲರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಮೆಸೇಜುಗಳು ಓಡಾಡಲು ಶುರುವಾಗುತ್ತವೆ. ಮೊದಲನೆಯದು ವಿಡಿಯೊ: ಮಂಜು ಮುಸುಕಿದ ಬೆಟ್ಟ, ಹಸಿರು ಹೊದ್ದ ಪಾಳು ಕೋಟೆ, ಹಿನ್ನೆಲೆಯಲ್ಲೊಂದು ಹಾಡು. ಎರಡನೆಯದು ಎಚ್ಚರಿಕೆ: ಇಂಬಳ ಕಚ್ಚಿದರೆ ಬೆಂಕಿಕಡ್ಡಿ ತಾಗಿಸಿ, ಜೇಬಿನಲ್ಲಿ ಮೊಬೈಲ್ ಇದ್ದರೆ ಸಿಡಿಲು ಹೊಡೆಯುತ್ತದೆ, ಚಳಿಗೆ ಎರಡು ಗುಟುಕು ರಮ್ ಸಾಕು, ಬೆಟ್ಟದ ನೀರಿನಷ್ಟು ಶುದ್ಧ ನೀರು ಇನ್ನೊಂದಿಲ್ಲ. ಕೊನೆಯಲ್ಲಿ ‘ತಪ್ಪದೇ ಎಲ್ಲರಿಗೂ ಕಳಿಸಿ’.

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ನಾಲ್ವರು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಹತ್ತಿದೆವು. ಇಂಥ ಮೆಸೇಜುಗಳನ್ನು ಓದಿಯೇ ಹೊರಟಿದ್ದರಿಂದ ಇಂಬಳಕ್ಕೆಂದು ಅರ್ಧ ಕೆ.ಜಿ. ಉಪ್ಪು, ನಶ್ಯದ ಪುಡಿ, ಸುಣ್ಣದ ಡಬ್ಬಿ ಎಲ್ಲವೂ ಚೀಲದಲ್ಲಿದ್ದವು. ಇಂಬಳಗಳು ಕಚ್ಚಿದವು, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಇಳಿಯುವಾಗ ನಮ್ಮಲ್ಲೊಬ್ಬರು ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ, ಕೈಯೂರಿ ಬಿದ್ದು, ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಚೀಲದಲ್ಲಿ ಅರ್ಧ ಕೆ.ಜಿ. ಉಪ್ಪಿತ್ತು, ಒಂದೇ ಒಂದು ಬ್ಯಾಂಡೇಜ್ ಬಟ್ಟೆ ಇರಲಿಲ್ಲ.

ಈ ಲೇಖನ ಹುಟ್ಟಿದ್ದು ಅಲ್ಲಿಂದ. ಫಾರ್ವರ್ಡುಗಳು ಕಣ್ಣಿಗೆ ಕಾಣುವ, ಮೈ ಜುಮ್ಮೆನಿಸುವ ವಿಷಯಗಳಿಗೆ ನಮ್ಮನ್ನು ಹೆದರಿಸುತ್ತವೆ. ಮಳೆಗಾಲದ ಬೆಟ್ಟದಲ್ಲಿ ನಿಜವಾದ ಅಪಾಯಗಳು ಸದ್ದಿಲ್ಲದವು. ಒದ್ದೆ ಕಲ್ಲು, ಉಕ್ಕುವ ಹಳ್ಳ, ನೆನೆದ ಬಟ್ಟೆ, ಮೀರಿದ ಹೊತ್ತು. ಒಂದೊಂದಾಗಿ ನೋಡೋಣ.

ಮೊದಲು, ಎಲ್ಲಿದೆ ಈ ಕೋಟೆ?

ಕವಲೇದುರ್ಗ ಕೆಳದಿ ನಾಯಕರ ಕೋಟೆ. ಇದರ ಹಳೆಯ ಹೆಸರು ಭುವನಗಿರಿ. ಕೆಳದಿ, ಇಕ್ಕೇರಿ, ಬಿದನೂರುಗಳಂತೆಯೇ ಈ ಮನೆತನದ ಆಳ್ವಿಕೆಯಲ್ಲಿ ಇದೂ ಮುಖ್ಯ ನೆಲೆಯಾಗಿತ್ತು. ವೆಂಕಟಪ್ಪ ನಾಯಕನ ಕಾಲದಲ್ಲಿ ಕೋಟೆಯನ್ನು ಬಲಪಡಿಸಲಾಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿ ಸಂಸ್ಥಾನವೇ ಕೊನೆಗೊಂಡಿತು.

ಇಲ್ಲೇ ಒಂದು ತಪ್ಪು ಫಾರ್ವರ್ಡನ್ನೂ ಸರಿಪಡಿಸಿಬಿಡೋಣ. ಮಳೆಗಾಲದ ವಿಡಿಯೊಗಳ ಕೆಳಗೆ ‘ಬ್ರಿಟಿಷರ ವಿರುದ್ಧ ಹೋರಾಡಿದ ರಾಣಿ ಚೆನ್ನಮ್ಮನ ಕೋಟೆ’ ಎಂಬ ಸಾಲು ಕಾಣಿಸುವುದುಂಟು. 1824ರಲ್ಲಿ ಬ್ರಿಟಿಷರನ್ನು ಎದುರಿಸಿದವರು ಕಿತ್ತೂರು ಚೆನ್ನಮ್ಮ. ಕೆಳದಿ ಚೆನ್ನಮ್ಮ ಅದಕ್ಕಿಂತ ಶತಮಾನಕ್ಕೂ ಹಿಂದಿನವರು. ಮೊಘಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಇವರೇ. ಇಬ್ಬರೂ ದೊಡ್ಡವರು, ಆದರೆ ಬೇರೆ ಬೇರೆ ಊರಿನವರು, ಬೇರೆ ಬೇರೆ ಕಾಲದವರು.

ಕೆಳಗಿನ ಹಳ್ಳಿಯಿಂದ ಗದ್ದೆಯಂಚಿನಲ್ಲಿ ನಡೆದು ಕಾಡು ಹೊಕ್ಕರೆ ಹಳೆಯ ಕಲ್ಲುಹಾಸಿನ ದಾರಿ ಸಿಗುತ್ತದೆ. ಒಂದರ ನಂತರ ಒಂದು ಹೆಬ್ಬಾಗಿಲು, ಅವುಗಳ ಪಕ್ಕದಲ್ಲಿ ಕಾವಲುಗಾರರ ಕೋಣೆಗಳು, ಮೇಲೆ ಕಾಶಿ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ತಳಪಾಯ, ತುದಿಯಲ್ಲೊಂದು ಚಿಕ್ಕ ಶಿವಾಲಯ. ಹಿಮಾಲಯದ ಚಾರಣಕ್ಕೆ ಹೋಲಿಸಿದರೆ ಇದು ಸುಲಭದ ದಾರಿ. ಅದಕ್ಕೇ ಮೋಸ ಹೋಗುವುದು. ಆಗುಂಬೆ ಇರುವುದೂ ಇದೇ ತಾಲ್ಲೂಕಿನಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬೇಸಿಗೆಯ ರೀಲ್ಸ್ ನೋಡಿ ಅಳೆದ ದಾರಿ ಮಳೆಗಾಲದಲ್ಲಿ ಬೇರೆಯೇ ದಾರಿ.

ಹೇಳಿಕೆ 1: ಇಂಬಳ ವಿಷಕಾರಿ, ಬೆಂಕಿ ಅಥವಾ ಉಪ್ಪು ಹಾಕಿಯೇ ಬಿಡಿಸಬೇಕು

ವಾಸ್ತವ: ಎರಡೂ ತಪ್ಪು.

ಇಂಬಳಕ್ಕೆ ವಿಷವಿಲ್ಲ. ಕಚ್ಚುವಾಗ ಅದರ ಜೊಲ್ಲಿನಲ್ಲಿರುವ ವಸ್ತುಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಅದಕ್ಕೇ ಇಂಬಳ ಬಿದ್ದುಹೋದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತದೆ. ಮಳೆನೀರಿನೊಂದಿಗೆ ಸೇರಿ ಸಾಕ್ಸ್ ಪೂರ್ತಿ ಕೆಂಪಾಗಿ ಕಂಡಾಗ ಗಾಬರಿಯಾಗುವುದು ಸಹಜ. ಆದರೆ ಒಂದು ಇಂಬಳ ಹೀರುವುದು ಹೆಚ್ಚೆಂದರೆ ಕೆಲವು ಮಿಲಿಲೀಟರ್. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ.

ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕಿದರೆ ಇಂಬಳ ಬಿದ್ದುಹೋಗುವುದು ನಿಜ. ಹಾಗಾದರೆ ತೊಂದರೆಯೇನು? ಉರಿ ತಾಳಲಾರದೆ ಇಂಬಳ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು, ಅದರ ಜತೆ ಬ್ಯಾಕ್ಟೀರಿಯಾ ಕೂಡ ಒಳಸೇರಬಹುದು. ಬೆಂಕಿಕಡ್ಡಿ ತಾಗಿಸಿದರೆ ಇಂಬಳದ ಜೊತೆ ನಿಮ್ಮ ಚರ್ಮವೂ ಸುಡುತ್ತದೆ. ಜೋರಾಗಿ ಎಳೆದು ಕಿತ್ತರೆ ಗಾಯ ದೊಡ್ಡದಾಗುತ್ತದೆ.

ಸರಿಯಾದ ವಿಧಾನ ಇದಕ್ಕಿಂತ ಸುಲಭ. ಇಂಬಳದ ಸಣ್ಣ ತುದಿಯಲ್ಲಿ ಬಾಯಿ ಇರುತ್ತದೆ. ಅಲ್ಲಿ ಚರ್ಮಕ್ಕೆ ತಾಗಿಸಿ ಉಗುರನ್ನು ಅಡ್ಡಲಾಗಿ ಜಾರಿಸಿ ಬಿಡಿಸಿ. ನಂತರ ದಪ್ಪ ತುದಿಯನ್ನು ಹಾಗೆಯೇ ಬಿಡಿಸಿ ದೂರ ಚಿಮ್ಮಿ. ಸೋಪು, ಶುದ್ಧ ನೀರಿನಲ್ಲಿ ತೊಳೆದು ಸ್ವಚ್ಛ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ತುರಿಕೆಯಾಗುತ್ತದೆ, ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸ್‌ನೊಳಗೆ ಸೇರಿಸಿದರೆ ಅರ್ಧ ಕಾಟ ತಪ್ಪಿತು.

ವೈದ್ಯರ ಬಳಿ ಹೋಗಬೇಕಾದ್ದು ಯಾವಾಗ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ನಿಲ್ಲದಿದ್ದರೆ, ಇಂಬಳ ಮೂಗು ಅಥವಾ ಕಣ್ಣಿನೊಳಗೆ ಹೊಕ್ಕಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮುಖ ಊದಿಕೊಂಡರೆ, ಗಾಯ ಕೀವು ಕಟ್ಟಿದರೆ.

‘ಇಂಬಳ ಕೆಟ್ಟ ರಕ್ತವನ್ನಷ್ಟೇ ಹೀರುತ್ತದೆ, ಕಚ್ಚಿಸಿಕೊಂಡರೆ ಒಳ್ಳೆಯದು’ ಎನ್ನುವ ಮೆಸೇಜೂ ಇದೆ. ಆಸ್ಪತ್ರೆಗಳಲ್ಲಿ ಕೆಲವು ಶಸ್ತ್ರಚಿಕಿತ್ಸೆಗಳ ನಂತರ, ನಿಂತ ರಕ್ತವನ್ನು ಇಳಿಸಲು ಜಿಗಣೆ ಬಳಸುವುದು ನಿಜ. ಅವು ಅದಕ್ಕೆಂದೇ ಸಾಕಿದ ಬೇರೆ ಜಾತಿಯ ಜಿಗಣೆಗಳು. ಇಂಬಳಕ್ಕೆ ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬ ಭೇದ ಗೊತ್ತಿಲ್ಲ.

ಹಾಗಾದರೆ ಮಲೆನಾಡಿನ ಕಾಡಿನಲ್ಲಿ ರಕ್ತ ಹೀರುವ ಯಾವ ಜೀವಿಗೂ ಹೆದರಬೇಕಿಲ್ಲವೇ? ಹೆದರಬೇಕು, ಆದರೆ ಇಂಬಳಕ್ಕಲ್ಲ, ಉಣುಗಿಗೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ, ಹರಡುವುದು ಉಣುಗಿನ ಕಡಿತದಿಂದ. ಸೋಂಕು ತಗುಲಿದ ನೂರು ಜನರಲ್ಲಿ ಸುಮಾರು 3ರಿಂದ 5 ಜನ ಸಾಯುವಷ್ಟು ಗಂಭೀರ ಕಾಯಿಲೆ ಇದು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದರ ಕಾಲ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳು, ಮಳೆ ಜೋರಾದಾಗ ಪ್ರಕರಣಗಳು ಇಳಿಯುತ್ತವೆ. ಅಂದರೆ ಇಂಬಳದ ಭಯದಿಂದ ಮಳೆಗಾಲ ಬಿಟ್ಟು ‘ಸೇಫ್’ ಎಂದುಕೊಂಡು ಜನವರಿಯಲ್ಲಿ ಹೋಗುವವರೇ ಉಣುಗಿನ ಬಗ್ಗೆ ಹೆಚ್ಚು ಎಚ್ಚರವಾಗಿರಬೇಕು. ಕಾಡಿಗೆ ಹೋಗಿಬಂದ ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋದ ವಿಷಯವನ್ನು ಹೇಳಲೇಬೇಕು.

ಹೇಳಿಕೆ 2: ಒಳ್ಳೆಯ ಟ್ರೆಕಿಂಗ್ ಶೂ ಇದ್ದರೆ ಜಾರುವುದಿಲ್ಲ

ವಾಸ್ತವ: ಅರ್ಧ ಸತ್ಯ. ನಮ್ಮ ಸಹೋದ್ಯೋಗಿ ಬಿದ್ದದ್ದೂ ಹೊಸ ಶೂನಲ್ಲೇ.

ಮಣ್ಣಿನ ದಾರಿಯಲ್ಲಿ ಆಳವಾದ ಹಲ್ಲುಗಳಿರುವ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಕಲ್ಲುಹಾಸಿನ ಮೇಲೆ ಕಚ್ಚಲು ಏನೂ ಇಲ್ಲ. ಅಲ್ಲಿ ಹಿಡಿತ ಸಿಗುವುದು ರಬ್ಬರು ಕಲ್ಲಿಗೆ ನೇರವಾಗಿ ತಾಗಿದಾಗ ಮಾತ್ರ. ನಡುವೆ ನೀರಿನ ಪದರವಿದ್ದರೆ ಆ ತಾಗುವಿಕೆ ಕಡಿಮೆಯಾಗುತ್ತದೆ. ನೀರಿನ ಜೊತೆ ಪಾಚಿಯೂ ಇದ್ದರೆ ಲೋಳೆಯಂಥ ಪದರ ಸೇರಿ ಎಣ್ಣೆ ಚೆಲ್ಲಿದಂತಾಗುತ್ತದೆ. ನೂರಾರು ವರ್ಷ ಜನ, ದನ ನಡೆದು ನುಣುಪಾದ ಕಲ್ಲುಗಳಲ್ಲಿ ಇದು ಇನ್ನೂ ಹೆಚ್ಚು.

ಹತ್ತುವಾಗ ಬೀಳದವರು ಇಳಿಯುವಾಗ ಏಕೆ ಬೀಳುತ್ತಾರೆ? ಇಳಿಯುವಾಗ ಪಾದ ಮುಂದೆ ಹೋಗಿ ಹಿಮ್ಮಡಿ ಮೊದಲು ತಾಗುತ್ತದೆ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಜೊತೆಗೆ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಮೈಭಾರವನ್ನು ತಡೆದು ನಿಲ್ಲಿಸಬೇಕು. ಹತ್ತಿ ದಣಿದ ಕಾಲಿಗೆ ಇದು ಕಷ್ಟದ ಕೆಲಸ. ಅದರ ಮೇಲೆ ‘ಮುಗಿದೇಹೋಯ್ತು’ ಎನ್ನುವ ಉದಾಸೀನ ಬೇರೆ.

ಏನು ಮಾಡಬೇಕು? ಕಪ್ಪು ಅಥವಾ ಕಡುಹಸಿರಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಡುವ ಬದಲು ಕಲ್ಲುಗಳ ನಡುವಿನ ಸಂದು, ಒರಟು ಅಂಚು ಹುಡುಕಿ. ಹೆಜ್ಜೆ ಚಿಕ್ಕದಿರಲಿ, ಪೂರ್ತಿ ಪಾದ ಊರಲಿ, ಮಂಡಿ ಸ್ವಲ್ಪ ಬಾಗಿರಲಿ. ಕೈಯಲ್ಲೊಂದು ಕೋಲಿರಲಿ, ಮೊಬೈಲ್ ಜೇಬಿನಲ್ಲಿರಲಿ. ವಿಡಿಯೊ ಮಾಡಬೇಕೆಂದರೆ ನಿಂತು ಮಾಡಿ, ನಡೆಯುತ್ತಾ ಬೇಡ. ಜಾರುವ ಜಾಗದಲ್ಲಿ ಕುಳಿತು ತೆವಳಿ ಇಳಿಯುವುದು ನಾಚಿಕೆಯ ವಿಷಯವಲ್ಲ.

ಯಾರಾದರೂ ಕೈಯೂರಿ ಬಿದ್ದು ಮಣಿಕಟ್ಟು ಊದಿಕೊಂಡರೆ ‘ಉಳುಕಿರಬೇಕು’ ಎಂದು ತಿಕ್ಕಿ, ಎಳೆದು ಸರಿಮಾಡಲು ಹೋಗಬೇಡಿ. ಊತ ಹೆಚ್ಚುವ ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಮಡಿಸಿದ ದಿನಪತ್ರಿಕೆ ಅಥವಾ ಚಪ್ಪಟೆ ಕಡ್ಡಿಯನ್ನು ಆಧಾರವಾಗಿಟ್ಟು ಬಟ್ಟೆ ಸುತ್ತಿ, ದುಪಟ್ಟಾ ಅಥವಾ ಟವೆಲಿನಿಂದ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿ ಇಳಿಸಿ. ಮುರಿದಿದೆಯೋ ಇಲ್ಲವೋ ಎಂಬುದನ್ನು ಎಕ್ಸ್-ರೇ ಹೇಳಲಿ.

ಹೇಳಿಕೆ 3: ಹಳ್ಳದ ನೀರು ಮೊಣಕಾಲುದ್ದ ಮಾತ್ರ, ಕೈ ಕೈ ಹಿಡಿದು ದಾಟಬಹುದು

ವಾಸ್ತವ: ಆಳ ನೋಡಿ ಲೆಕ್ಕ ಹಾಕುವುದೇ ತಪ್ಪು. ನೋಡಬೇಕಾದ್ದು ರಭಸ.

ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ನಿಮ್ಮ ಕಾಲನ್ನು ತಳ್ಳುವ ಬಲ ಸುಮಾರು ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಕೇವಲ 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು. ಕೆಂಪಾದ ನೀರಿನಲ್ಲಿ ತಳ ಕಾಣುವುದಿಲ್ಲ, ತಳದ ಕಲ್ಲು ಉರುಳುತ್ತಿರುತ್ತದೆ.

ಇನ್ನೊಂದು ಮೋಸವೆಂದರೆ ‘ಇಲ್ಲಿ ಮಳೆ ನಿಂತಿದೆಯಲ್ಲ’ ಎನ್ನುವುದು. ಒಂದು ಲೆಕ್ಕ ಮಾಡೋಣ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಒಂದು ಚದರ ಕಿ.ಮೀ. ಬೆಟ್ಟದ ಮೇಲೆ 100 ಮಿ.ಮೀ. ಮಳೆ ಬಿದ್ದರೆ 10 ಕೋಟಿ ಲೀಟರ್ ನೀರು. ಆಗಲೇ ತೊಯ್ದು ತುಂಬಿದ ನೆಲ ಅದರಲ್ಲಿ ಸ್ವಲ್ಪವನ್ನೇ ಹೀರುತ್ತದೆ, ಉಳಿದದ್ದೆಲ್ಲ ಇಳಿದು ಬರುವುದು ಆ ಚಿಕ್ಕ ಹಳ್ಳಕ್ಕೆ. ಮೇಲೆ ಬಿದ್ದ ಮಳೆ ನೀವಿರುವಲ್ಲಿಗೆ ಬರಲು ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ದಾಟಲಾಗದಂತಾಗುವುದು ಹೀಗೆ.

ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಎಲೆ, ಕಡ್ಡಿ ತೇಲಿಬರುವುದು, ಮೊರೆತ ಹೆಚ್ಚುವುದು, ಇವು ನೀರು ಏರುತ್ತಿರುವ ಗುರುತುಗಳು. ಕಂಡರೆ ಕೂಡಲೇ ಎತ್ತರಕ್ಕೆ ಹೋಗಿ. ದಾಟದೆ ಕಾಯಿರಿ, ಮಳೆ ನಿಂತ ಮೇಲೆ ಸಣ್ಣ ಹಳ್ಳಗಳು ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಕೆಲಸಕ್ಕೆ ಒಂದು ದಿನ ರಜೆ ಹಾಕಬಹುದು, ಹಳ್ಳದ ಜೊತೆ ಹಟ ಕಟ್ಟಲಾಗುವುದಿಲ್ಲ.

ಹೇಳಿಕೆ 4: ಮೊಬೈಲ್ ಸಿಡಿಲನ್ನು ಎಳೆಯುತ್ತದೆ, ಆಫ್ ಮಾಡಿ ಕಲ್ಲಿನ ಮಂಟಪದೊಳಗೆ ನಿಂತರೆ ಸಾಕು

ವಾಸ್ತವ: ಮೊದಲ ಅರ್ಧ ಸುಳ್ಳು, ಎರಡನೆಯ ಅರ್ಧ ಅಪಾಯಕಾರಿ.

ಮೊಬೈಲ್ ಹೊರಸೂಸುವ ರೇಡಿಯೊ ಅಲೆಗಳು ಸಿಡಿಲಿಗೆ ದಾರಿಯಾಗುವುದಿಲ್ಲ. ಸಿಡಿಲು ಎಲ್ಲಿ ಹೊಡೆಯುತ್ತದೆ ಎಂಬುದಕ್ಕೆ ಮುಖ್ಯ ಕಾರಣಗಳು ಎತ್ತರ, ಚೂಪು ಆಕಾರ ಮತ್ತು ಸುತ್ತ ಬೇರೇನೂ ಇಲ್ಲದ ಒಂಟಿತನ. ಬೋಳು ಶಿಖರದ ಮೇಲೆ ನಿಂತ ಮನುಷ್ಯನಿಗೆ ಈ ಮೂರೂ ಒಪ್ಪುತ್ತವೆ, ಜೇಬಿನಲ್ಲಿ ಮೊಬೈಲ್ ಇರಲಿ ಬಿಡಲಿ. ನಿಜ ಹೇಳಬೇಕೆಂದರೆ ಸಹಾಯ ಕರೆಯಲು ಅದೇ ಬೇಕು.

ಪಾಳು ಮಂಟಪ, ಹೆಬ್ಬಾಗಿಲಿನ ಕಮಾನು, ಬಂಡೆಯ ಸಂದು ಇವೆಲ್ಲ ಮಳೆಗೆ ಆಸರೆ, ಸಿಡಿಲಿಗಲ್ಲ. ಸಿಡಿಲಿನ ವಿದ್ಯುತ್ತು ಒದ್ದೆ ಗೋಡೆಯ ಮೇಲೆ ಹರಿದು, ತೆರೆದ ಬಾಯಿಯ ಬಳಿ ನಿಂತವರ ಮೂಲಕ ಹಾಯಬಹುದು. ಒಂಟಿ ಮರದಡಿ ನಿಲ್ಲುವುದಂತೂ ಬೇಡವೇ ಬೇಡ. ಮುಚ್ಚಿದ ಕಟ್ಟಡ ಅಥವಾ ಲೋಹದ ಮೇಲ್ಚಾವಣಿಯ, ಕಿಟಕಿ ಮುಚ್ಚಿದ ಕಾರು, ಬಸ್ಸು ಸುರಕ್ಷಿತ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಸದ್ದು ಒಂದು ಕಿ.ಮೀ. ದಾಟಲು ಸುಮಾರು 3 ಸೆಕೆಂಡು ಬೇಕು. 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಆಗ ಶಿಖರ ಬಿಟ್ಟು ಇಳಿಯಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದೇ ಮತ್ತೆ ಹತ್ತಬೇಕು. ಗುಂಪಿದ್ದರೆ ಒಬ್ಬರಿಗೊಬ್ಬರು ಅಂತರ ಬಿಟ್ಟು ಇಳಿಯಿರಿ, ನೆಲದ ಮೇಲೆ ಮಲಗಬೇಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ನಂಬಿಕೆಯಿಂದ ಜೀವಗಳು ಹೋಗಬಹುದು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಶುರುಮಾಡಿ, 108ಕ್ಕೆ ಕರೆ ಮಾಡಿ.

ಹೇಳಿಕೆ 5: ಮಲೆನಾಡಿನ ಚಳಿ ಏನು ಮಾಡುತ್ತೆ? ಎರಡು ಗುಟುಕು ರಮ್ ಹಾಕಿದರೆ ಬೆಚ್ಚಗಾಗುತ್ತೆ

ವಾಸ್ತವ: ಬೆಚ್ಚಗಾದಂತೆ ಅನಿಸುತ್ತದೆ, ಮೈ ಮಾತ್ರ ತಣ್ಣಗಾಗುತ್ತದೆ.

ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮವೇ ಬೇಕಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯಿಂದ ಶಾಖ ಕಸಿಯುತ್ತದೆ. ನೆನೆದ ಜೀನ್ಸ್, ಹತ್ತಿಯ ಟೀ ಶರ್ಟ್, ಮೇಲಿಂದ ಶಿಖರದ ಗಾಳಿ, ಖಾಲಿ ಹೊಟ್ಟೆ ಇವು ಸೇರಿದರೆ 15 ಡಿಗ್ರಿಯ ಹವೆಯಲ್ಲೂ ಮೈ ಸೋಲಬಹುದು. ಮಕ್ಕಳು, ವಯಸ್ಸಾದವರು, ತೆಳ್ಳಗಿರುವವರು ಬೇಗ ಸೋಲುತ್ತಾರೆ.

ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದಾಗ ಬೆಚ್ಚಗೆನಿಸುತ್ತದೆ, ಆ ಶಾಖವೆಲ್ಲ ಹೊರಗೆ ಹೋಗುತ್ತದೆ. ಜೊತೆಗೆ ನಡುಕವೂ ಕಡಿಮೆಯಾಗುತ್ತದೆ. ನಡುಕ ಎಂದರೆ ಮೈ ತನ್ನನ್ನು ತಾನೇ ಬಿಸಿಮಾಡಿಕೊಳ್ಳುವ ಉಪಾಯ. ಅದನ್ನೇ ನಿಲ್ಲಿಸಿ, ಮೇಲೆ ಜಾರುವ ಕಲ್ಲಿನ ದಾರಿಗೆ ಅಮಲಿನಲ್ಲಿ ಕಾಲಿಡುವುದು ಎಷ್ಟು ಸರಿ?

ಜೊತೆಗಿರುವವರು ನಡುಗುತ್ತಿದ್ದಾರೆಯೇ, ಮಾತು ತೊದಲುತ್ತಿದೆಯೇ, ಜಿಪ್ ಹಾಕಲೂ ಕೈ ಬರುತ್ತಿಲ್ಲವೇ, ಎಡವುತ್ತಿದ್ದಾರೆಯೇ, ಕಾರಣವಿಲ್ಲದೆ ಸಿಡುಕುತ್ತಿದ್ದಾರೆಯೇ ನೋಡಿ. ಹೌದಾದರೆ ಗಾಳಿ ಬೀಸದ ಜಾಗಕ್ಕೆ ಕರೆದೊಯ್ದು ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿ, ತಲೆ ಮುಚ್ಚಿ, ಬಿಸಿ ಸಿಹಿ ಚಹಾ ಕೊಡಿ. ನಡುಕ ನಿಂತು ಮಂಕಾದರೆ ಅದು ಸುಧಾರಣೆಯಲ್ಲ, ಅಪಾಯ ಹೆಚ್ಚಿದ ಲಕ್ಷಣ. ಆಗ ಬಾಯಿಗೆ ಏನನ್ನೂ ಹಾಕದೆ ಬೆಚ್ಚಗೆ ಹೊದಿಸಿ, ಬೇಗ ಆಸ್ಪತ್ರೆಗೆ ಸೇರಿಸಿ. ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಜೊತೆ ಒಣ ಬಟ್ಟೆ ಇಡುವುದು ಈ ಇಡೀ ಲೇಖನದ ಅಗ್ಗದ ಸಲಹೆ.

ಹೇಳಿಕೆ 6: ಬೆಟ್ಟದ ನೀರು ಬಾಟಲಿ ನೀರಿಗಿಂತ ಶುದ್ಧ

ವಾಸ್ತವ: ತಿಳಿಯಾಗಿದ್ದ ಮಾತ್ರಕ್ಕೆ ನೀರು ಶುದ್ಧವಲ್ಲ.

ಮಳೆಗಾಲದಲ್ಲಿ ನೆಲದ ಮೇಲಿನ ಸಗಣಿ, ಕಾಡುಪ್ರಾಣಿಗಳ ಹಿಕ್ಕೆ, ಮೂತ್ರ, ನಮ್ಮಂಥ ಚಾರಣಿಗರು ಬಿಟ್ಟುಬಂದದ್ದು ಎಲ್ಲವೂ ತೊಳೆದುಕೊಂಡು ತೊರೆಗೆ, ಕೋಟೆಯ ಕೊಳಕ್ಕೆ ಸೇರುತ್ತವೆ. ಕೊಳದ ನೀರಿಗೆ ಔಷಧೀಯ ಗುಣವಿದೆ ಎನ್ನುವ ಮೆಸೇಜು ನಂಬಿ ಕುಡಿದರೆ ಸಿಗುವುದು ಭೇದಿ. ಮನೆಯಿಂದಲೇ ನೀರು ಒಯ್ಯಿರಿ. ಇಲ್ಲವಾದರೆ ಮಳಮಳ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ ಕುಡಿಯಿರಿ. ಮಳೆಯಲ್ಲಿ ದಾಹ ಗೊತ್ತಾಗದಿದ್ದರೂ ಬೆವರು ಹೋಗುತ್ತಿರುತ್ತದೆ, ಆಗಾಗ ಕುಡಿಯುತ್ತಿರಿ.

‘ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ’ ಎನ್ನುವುದನ್ನೂ ಇಲ್ಲೇ ನೋಡೋಣ. ನೆಗಡಿ, ಶೀತಜ್ವರಕ್ಕೆ ಕಾರಣ ವೈರಸ್ಸು, ಮಳೆಹನಿಯಲ್ಲ. ಆದರೆ ಚಾರಣದ ನಂತರದ ಜ್ವರವನ್ನು ‘ನೆನೆದದ್ದಕ್ಕೆ ಬಂದಿದೆ’ ಎಂದು ಕಡೆಗಣಿಸುವುದರಲ್ಲಿ ಅಪಾಯವಿದೆ. ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಬರಬಹುದು. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ಒಂದು ತಿಂಗಳವರೆಗೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದರ ಲಕ್ಷಣಗಳು. ಬೇಗ ಗುರುತಿಸಿದರೆ ಆ್ಯಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ, ತಡಮಾಡಿದರೆ ಕಿಡ್ನಿ, ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಗಾಯವಿದ್ದರೆ ನೀರು ಹೋಗದಂತೆ ಮುಚ್ಚಿ, ಹಿಂತಿರುಗಿದ ಮೇಲೆ ಸೋಪು ಹಾಕಿ ಸ್ನಾನ ಮಾಡಿ. ಮಾತ್ರೆಯನ್ನು ಫಾರ್ವರ್ಡ್ ನೋಡಿ ನುಂಗಬೇಡಿ, ವೈದ್ಯರನ್ನು ಕೇಳಿ.

ಹೇಳಿಕೆ 7: ಮುನ್ನೂರು ವರ್ಷ ನಿಂತ ಗೋಡೆ, ನಾವು ಹತ್ತಿದರೆ ಬೀಳುತ್ತದೆಯೇ?

ವಾಸ್ತವ: ಬೀಳಬಹುದು, ಅದೂ ಮಳೆಗಾಲದಲ್ಲೇ.

ಕೋಟೆಯ ಗೋಡೆ ಹೊರಗಿನಿಂದ ಗಟ್ಟಿ ಕಲ್ಲು. ಹಲವು ಕಡೆ ಅದರ ಹಿಂದೆ ಇರುವುದು ಮಣ್ಣು, ಕಲ್ಲುಚೂರು. ಮಳೆನೀರು ಇಳಿದಾಗ ಆ ಮಣ್ಣು ಭಾರವಾಗುತ್ತದೆ, ಒಳಗಿನ ನೀರು ಕಲ್ಲುಗಳನ್ನು ಹೊರಕ್ಕೆ ದೂಡುತ್ತದೆ. ಸಂದಿನಲ್ಲಿ ಬೆಳೆದ ಮರದ ಬೇರು ಕಲ್ಲುಗಳನ್ನು ಮೊದಲೇ ಸಡಿಲಿಸಿರುತ್ತದೆ. ಹೊಟ್ಟೆ ಉಬ್ಬಿದಂತಿರುವ ಗೋಡೆ, ಬುಡದಲ್ಲಿ ಹೊಸದಾಗಿ ಬಿದ್ದ ಮಣ್ಣು, ಸಂದಿನಿಂದ ಸೋರುವ ಕೆಸರುನೀರು ಕಂಡರೆ ದೂರವಿರಿ. ಫೋಟೊಗಾಗಿ ಗೋಡೆಯ ತುದಿಯಲ್ಲಿ ನಿಲ್ಲುವುದು, ಒರಗುವುದು ಬೇಡ.

ಇನ್ನೊಂದು ಕಾಣದ ಅಪಾಯ ಗುಂಡಿಗಳದ್ದು. ‘ಕೋಟೆಯಲ್ಲಿ ನಿಧಿಯಿದೆ’ ಎಂಬ ಗಾಳಿಸುದ್ದಿ ನಂಬಿ ರಾಜ್ಯದ ಹಲವು ಪಾಳು ಗುಡಿ, ಕೋಟೆಗಳಲ್ಲಿ ಕಳ್ಳರು ನೆಲ ಅಗೆದಿದ್ದಾರೆ. ಮಳೆಗಾಲದಲ್ಲಿ ಹುಲ್ಲು ಬೆಳೆದರೆ ಅಂಥ ಗುಂಡಿಗಳೂ ಹಳೆಯ ಬಾವಿಗಳೂ ಕಾಣುವುದಿಲ್ಲ. ಜನ ತುಳಿದ ದಾರಿ ಬಿಟ್ಟು ಹೋಗಬೇಡಿ. ಅಂದಹಾಗೆ ಕಾನೂನಿನ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗೋಡೆಯ ಮೇಲೆ ಹೆಸರು ಕೆತ್ತುವುದೂ ಹಾನಿಯೇ.

ಹವಾಮಾನ ಎಚ್ಚರಿಕೆ ಓದುವುದು ಹೇಗೆ?

ಭಾರತೀಯ ಹವಾಮಾನ ಇಲಾಖೆಯ ಬಣ್ಣಗಳ ಅರ್ಥ ಸರಳ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆಯಾದರೆ ‘ಭಾರಿ’, 115.6ರಿಂದ 204.4 ಆದರೆ ‘ಅತಿ ಭಾರಿ’, ಅದಕ್ಕೂ ಮೇಲಾದರೆ ‘ಅತ್ಯಂತ ಭಾರಿ’ ಎನ್ನುತ್ತಾರೆ. ಕಿತ್ತಳೆ ಅಥವಾ ಕೆಂಪು ಇದ್ದ ದಿನ ಬೆಟ್ಟ ಬೇಡ, ಹಳದಿ ಇದ್ದರೆ ಹಳ್ಳ ದಾಟುವ ದಾರಿ ಬೇಡ. ಹಳೆಯ ಎಚ್ಚರಿಕೆಯ ಸ್ಕ್ರೀನ್‌ಶಾಟ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ, ದಿನಾಂಕ ನೋಡದೆ ನಂಬಬೇಡಿ, ಕಳಿಸಲೂಬೇಡಿ. ಜಿಲ್ಲಾಡಳಿತ ಮಳೆಗಾಲದಲ್ಲಿ ಕೆಲವು ಜಾಗಗಳಿಗೆ ಪ್ರವೇಶ ನಿಷೇಧಿಸುವುದುಂಟು, ಹೊರಡುವ ಮುನ್ನ ಸ್ಥಳೀಯರನ್ನು ವಿಚಾರಿಸಿ.

ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ

- ಹೋಗುವ ಜಾಗ, ಹಿಂತಿರುಗುವ ಹೊತ್ತನ್ನು ಮನೆಯಲ್ಲಿ ಹೇಳಿ ಹೊರಡಿ. ಒಬ್ಬರೇ ಹೋಗಬೇಡಿ.
- ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನ 3ರೊಳಗೆ ಕೆಳಗಿರಿ. ಮಂಜು ಮತ್ತು ಕಾಡಿನಲ್ಲಿ ಕತ್ತಲೆ ಬೇಗ ಆಗುತ್ತದೆ.
- ಚೀಲದಲ್ಲಿರಲಿ: ನೀರು, ತಿಂಡಿ, ಒಣ ಬಟ್ಟೆ, ರೇನ್‌ಕೋಟ್, ಬ್ಯಾಂಡೇಜ್ ಬಟ್ಟೆ, ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್.
- ಇಂಬಳವನ್ನು ಉಗುರಿನಿಂದ ಬಿಡಿಸಿ, ಬೆಂಕಿಯಿಂದಲ್ಲ.
- ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ, ಕೆಂಪು ನೀರು ದಾಟಬೇಡಿ.
- ಗುಡುಗು ಕೇಳಿದರೆ ಶಿಖರದಿಂದ ಇಳಿಯಿರಿ.
- ಒಂದು ತಿಂಗಳೊಳಗೆ ಜ್ವರ ಬಂದರೆ ಚಾರಣದ ವಿಷಯ ವೈದ್ಯರಿಗೆ ಹೇಳಿ.
- ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸ್‌ಗೆ 108.

ಮಳೆಗಾಲದ ಕೋಟೆ ನೋಡಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಹೆಬ್ಬಾಗಿಲಿನಿಂದ ಮಂಜು ಒಳಬರುವುದನ್ನು, ಕೊಳದ ಮೇಲೆ ಮಳೆ ಬೀಳುವುದನ್ನು ನೋಡಿದ ನಮಗೇ ಮತ್ತೊಮ್ಮೆ ಹೋಗುವ ಆಸೆಯಿದೆ. ಅಂದು ಆ ಕಲ್ಲುಹಾಸಿನ ಮೇಲೆ ಕೈಯನ್ನು ಟವೆಲಿನಲ್ಲಿ ಜೋಲಿ ಕಟ್ಟಿಕೊಂಡು ನಮ್ಮ ಸಹೋದ್ಯೋಗಿ ಇಳಿದ ದಾರಿ ಹತ್ತಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ಮಣಿಕಟ್ಟು ಈಗ ಸರಿಹೋಗಿದೆ. ಮುಂದಿನ ಸಲಕ್ಕೆ ಅವರು ಮಾಡಿದ ಪಟ್ಟಿಯಲ್ಲಿ ಮೊದಲು ಬ್ಯಾಂಡೇಜ್ ಬಟ್ಟೆ ಇದೆ, ಆಮೇಲೆ ಕೋಲು, ಒಣ ಬಟ್ಟೆ. ಉಪ್ಪೂ ಇದೆ, ಬುತ್ತಿಯ ಮೊಸರನ್ನಕ್ಕೆ ಬೇಕಾಗುವಷ್ಟು.